ಡಗ್ಗಾ ಎಲ್ಲಿ ಹೋಯಿತು?

ಶಿಕ್ಷಕ ಮಿತ್ರರೇ, ಶಬ್ದದ ಪಾಠ ಬಂತೆಂದರೆ ನಾವೆಲ್ಲ ಮಾಡುವುದು ಹೆಚ್ಚುಕಡಿಮೆ ಒಂದೇ. ರಬ್ಬರ್ ಬ್ಯಾಂಡ್ ಮೀಟುತ್ತೇವೆ, ಊಟದ ತಟ್ಟೆ ಬಡಿಯುತ್ತೇವೆ, ಬೆಂಕಿಪೊಟ್ಟಣಕ್ಕೆ ದಾರ ಕಟ್ಟಿ ಟೆಲಿಫೋನ್ ಮಾಡಿಸುತ್ತೇವೆ. ಕೊನೆಗೆ 'ಕಂಪಿಸುವ ವಸ್ತುವಿನಿಂದ ಶಬ್ದ ಉಂಟಾಗುತ್ತದೆ' ಎಂದು ಕಪ್ಪುಹಲಗೆಯ ಮೇಲೆ ಬರೆದು ಅಡಿಗೆರೆ ಎಳೆಯುತ್ತೇವೆ. ಇಪ್ಪತ್ತು ವರ್ಷಗಳಿಂದ ನಾನೂ ಅದನ್ನೇ ಮಾಡಿದ್ದೇನೆ. ತರಬೇತಿಗಳಲ್ಲಿ ನಿಮ್ಮಂಥ ಅನೇಕರಿಗೆ ಅದನ್ನೇ ಹೇಳಿಕೊಟ್ಟಿದ್ದೇನೆ. ಭೌತವಿಜ್ಞಾನದಲ್ಲಿ ಎಂ.ಎಸ್ಸಿ. ಬೇರೆ. ಇಷ್ಟೆಲ್ಲ ಇದ್ದೂ, ನಮ್ಮ ಮನೆಗೆ ಒಂದು ಜೊತೆ ಸ್ಪೀಕರ್ ತಂದಾಗ ಆ ಪಾಠವನ್ನೇ ಮರೆತು, ಎಪ್ಪತ್ತೆಂಟು ವರ್ಷದ ನಮ್ಮ ಅಪ್ಪನಿಗೆ ಅನ್ಯಾಯ ಮಾಡಿದೆ.

ನಮ್ಮದು ಧಾರವಾಡ ಸೀಮೆ. ಅಪ್ಪ ಊರಿನ ಬಸವಣ್ಣನ ಗುಡಿಯ ಭಜನಾ ಮೇಳದಲ್ಲಿ ನಲವತ್ತು ವರ್ಷ ತಬಲಾ-ಡಗ್ಗಾ ಬಾರಿಸಿದವರು. ಸಂಗೀತ ಶಾಲೆಯಲ್ಲಿ ಕಲಿತವರಲ್ಲ, ಕೇಳಿ ಕೇಳಿ ಕಲಿತವರು. ಶಿಶುನಾಳ ಶರೀಫರ ತತ್ವಪದ, ಮಲ್ಲಿಕಾರ್ಜುನ ಮನ್ಸೂರರ ಗಾಯನ, ಗಂಗೂಬಾಯಿ ಹಾನಗಲ್ಲರ ಆ ಗಂಭೀರ ಕಂಠ, ಇವು ಅವರ ಪ್ರಪಂಚ. ನನ್ನ ಹೆಂಡತಿ ಮೈಸೂರಿನ ಕಡೆಯವಳು. ಅವಳಿಗೆ ವೀಣೆ, ಮೃದಂಗ ಮತ್ತು ಪಿ.ಬಿ. ಶ್ರೀನಿವಾಸರ ಹಳೆಯ ಚಿತ್ರಗೀತೆಗಳು. ಪಿಯುಸಿ ಓದುವ ಮಗಳ ಹಾಡುಗಳಲ್ಲಿ ಕಂಪ್ಯೂಟರಿನಿಂದ ಹುಟ್ಟಿದ ನಾದವೇ ಹೆಚ್ಚು. ಟೇಪ್ ರೆಕಾರ್ಡರ್ ಇದ್ದ ಕಾಲದಲ್ಲಿ ಸಂಜೆ ಎಲ್ಲರೂ ಪಡಸಾಲೆಯಲ್ಲಿ ಕೂತು ಸರದಿ ಪ್ರಕಾರ ಕೇಳುತ್ತಿದ್ದೆವು. ಅದು ಕೆಟ್ಟ ಮೇಲೆ ಮಗಳು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡಳು, ಹೆಂಡತಿ ಅಡುಗೆಮನೆಯಲ್ಲಿ ಮೊಬೈಲ್ ಇಟ್ಟುಕೊಂಡಳು, ಅಪ್ಪ ತಮ್ಮ ಕೋಣೆಯಲ್ಲಿ ಆಕಾಶವಾಣಿ ಹಚ್ಚಿಕೊಂಡು ಕೂತರು. ಒಂದೇ ಮನೆ, ಮೂರು ಸದ್ದು. ನನಗೆ ಅದು ಸರಿ ಕಾಣಲಿಲ್ಲ.

ನಡುವೆ ಒಂದು ಪ್ರಯತ್ನ ನಡೆದಿತ್ತು. ಐದು ಪುಟ್ಟ ಪೆಟ್ಟಿಗೆ, ಒಂದು ದೊಡ್ಡ ಪೆಟ್ಟಿಗೆಯ 'ಹೋಮ್ ಥಿಯೇಟರ್' ಒಂದನ್ನು ಕಂತಿನಲ್ಲಿ ತಂದಿದ್ದೆ. ರಟ್ಟಿನ ಡಬ್ಬಿಯ ಮೇಲೆ ದೊಡ್ಡ ಅಕ್ಷರದಲ್ಲಿ '5000 ವ್ಯಾಟ್ ಪಿಎಂಪಿಒ' ಎಂದಿತ್ತು. ಮನೆಗೆ ತಂದು ಹಿಂಭಾಗ ನೋಡಿದರೆ ಅದರ ಅಡಾಪ್ಟರಿನ ಮೇಲೆ 12 ವೋಲ್ಟ್, 3 ಆಂಪಿಯರ್ ಎಂದು ಬರೆದಿದೆ! ಮಕ್ಕಳಿಗೆ ಈ ಲೆಕ್ಕ ಕೊಟ್ಟು ನೋಡಿ: 12 ಗುಣಿಸು 3, ಒಟ್ಟು 36 ವ್ಯಾಟ್. ಒಳಗೆ ಹೋಗುವುದೇ 36 ವ್ಯಾಟ್ ಆದರೆ ಹೊರಗೆ 5000 ವ್ಯಾಟ್ ನಿರಂತರವಾಗಿ ಬರುವುದು ಹೇಗೆ? ನಮ್ಮ ಅಡುಗೆಮನೆಯ ಮಿಕ್ಸಿ 500 ವ್ಯಾಟಿನದು. ಅಂಥ ಹತ್ತು ಮಿಕ್ಸಿಗಳ ಸಾಮರ್ಥ್ಯ ಆ ಚಿಕ್ಕ ಡಬ್ಬಿಯಲ್ಲಿದೆ ಎಂದು ನಂಬಬೇಕಾಗುತ್ತದೆ. ಕಣ್ಣು ಮಿಟುಕಿಸುವಷ್ಟೂ ಹೊತ್ತು ನಿಲ್ಲದ ಕಾಲ್ಪನಿಕ ಗರಿಷ್ಠವನ್ನು ಹಿಡಿದು ಬರೆಯುವ ಸಂಖ್ಯೆ ಅದು. ಕೊಳ್ಳುವವರು ನೋಡಬೇಕಾದ್ದು 'ಆರ್‌ಎಂಎಸ್' ಎಂದು ಬರೆದಿರುವ ನಿರಂತರ ಸಾಮರ್ಥ್ಯವನ್ನು. ಅದೂ ಮನೆಯ ಕೋಣೆಗೆ ಬಹಳ ಬೇಕಾಗಿಲ್ಲ. ವ್ಯಾಟ್ ಎರಡು ಪಟ್ಟಾದರೆ ಶಬ್ದದ ಮಟ್ಟ ಏರುವುದು ಬರೀ 3 ಡೆಸಿಬೆಲ್. ಕಿವಿಗೆ ಅದು 'ಸ್ವಲ್ಪ ಜೋರಾಯಿತು' ಅನ್ನಿಸುವಷ್ಟೇ.

ಆ ಸೆಟ್ಟಿನಲ್ಲಿ ಏನು ಹಾಕಿದರೂ 'ಧಂ ಧಂ' ಎಂಬ ಒಂದೇ ಸದ್ದು. ಸಿನಿಮಾದ ಹೊಡೆದಾಟಕ್ಕೆ ಅದು ಸೈ. ಅಪ್ಪ ಎರಡು ದಿನ ಕೂತು ಕೇಳಿ, "ಇದರಾಗ ಎಲ್ಲಾರೂ ಒಂದ ಡೊಳ್ಳು ಬಡೀತಾರ" ಎಂದು ಎದ್ದು ಹೋದರು.

2023ರ ದಸರೆಗೆ ಹಬ್ಬದ ಮುಂಗಡ ಬಂದಾಗ, ಈ ಸಲ ವಿಜ್ಞಾನವನ್ನು ಮುಂದಿಟ್ಟುಕೊಂಡು ಆರಿಸಬೇಕು ಎಂದು ತೀರ್ಮಾನಿಸಿದೆ. ಮೂರು ಬಗೆಯ ಸಂಗೀತಕ್ಕೂ ಒಗ್ಗುವ ಒಂದೇ ಜೊತೆ ಬೇಕು. ಇದು ಕೇಳಲು ಸುಲಭ. ಆದರೆ ಕೆಲಸ ಎಷ್ಟು ದೊಡ್ಡದು ನೋಡಿ.

ಮನುಷ್ಯನ ಕಿವಿ ಸುಮಾರು 20 ಹರ್ಟ್ಸ್‌ನಿಂದ 20,000 ಹರ್ಟ್ಸ್‌ವರೆಗಿನ ಆವೃತ್ತಿಯ ಶಬ್ದಗಳನ್ನು ಕೇಳಬಲ್ಲದು. ಬೇಸ್ ಗಿಟಾರಿನ ಅತಿ ಕೆಳಗಿನ ತಂತಿ 41 ಹರ್ಟ್ಸ್‌ನಲ್ಲಿ ಕಂಪಿಸುತ್ತದೆ. ಡಗ್ಗಾದ ತುಂಬು ನಾದ 100 ಹರ್ಟ್ಸ್ ಮತ್ತು ಅದರ ಕೆಳಗಿನ ಆಸುಪಾಸಿನಲ್ಲಿರುತ್ತದೆ. ಭಜನೆಯ ತಾಳದ ಝಣತ್ಕಾರದಲ್ಲಿ ಹತ್ತಾರು ಸಾವಿರ ಹರ್ಟ್ಸ್‌ವರೆಗೂ ಅಂಶಗಳಿವೆ. ಶಬ್ದದ ವೇಗ ಸೆಕೆಂಡಿಗೆ 340 ಮೀಟರ್ ಎಂದು ಹಿಡಿದರೆ 100 ಹರ್ಟ್ಸ್‌ನ ತರಂಗದೂರ 3.4 ಮೀಟರ್, ಅಂದರೆ ನಮ್ಮ ಪಡಸಾಲೆಯಷ್ಟು ಉದ್ದ. 10,000 ಹರ್ಟ್ಸ್‌ನದು 3.4 ಸೆಂಟಿಮೀಟರ್, ಹೆಬ್ಬೆರಳಿನ ಅರ್ಧದಷ್ಟು. ಇಷ್ಟು ಭಿನ್ನವಾದ ಅಲೆಗಳನ್ನು ಒಂದೇ ಪೆಟ್ಟಿಗೆ ಹುಟ್ಟಿಸಬೇಕು.

ಇನ್ನು ನಮ್ಮ ವಾದ್ಯಗಳ ಸೂಕ್ಷ್ಮವೇ ಬೇರೆ. ಸಿ.ವಿ. ರಾಮನ್ ಎಂದರೆ ಬೆಳಕಿನ ಚದುರುವಿಕೆ, 1930ರ ನೊಬೆಲ್ ಪ್ರಶಸ್ತಿ ಎಂದಷ್ಟೇ ಫೆಬ್ರವರಿ 28ರಂದು ಭಾಷಣ ಮಾಡುತ್ತೇವೆ. ಅದಕ್ಕೂ ಮುಂಚೆ ಅವರು ಶಬ್ದದ ಹಿಂದೆ ಬಿದ್ದಿದ್ದರು. ಸಾಮಾನ್ಯ ಡೋಲಿನ ಚರ್ಮದಿಂದ ಹೊರಡುವ ಉಪಸ್ವರಗಳು ಒಂದಕ್ಕೊಂದು ಹೊಂದುವುದಿಲ್ಲ. ಅದಕ್ಕೇ ಅದು ಬರೀ ಸದ್ದು. ಮೃದಂಗ, ತಬಲಾಗಳ ಚರ್ಮದ ಮೇಲಿನ ಕಪ್ಪು ಕರಣೆಯಿಂದಾಗಿ ಉಪಸ್ವರಗಳು ಮೂಲಸ್ವರದ ಎರಡು ಪಟ್ಟು, ಮೂರು ಪಟ್ಟು ಹೀಗೆ ಲೆಕ್ಕಕ್ಕೆ ಸಿಗುತ್ತವೆ, ಆದ್ದರಿಂದ ಅವಕ್ಕೆ ಶ್ರುತಿ ಇದೆ ಎಂದು ರಾಮನ್ ಸಹೋದ್ಯೋಗಿಯೊಬ್ಬರ ಜೊತೆ 1920ರಲ್ಲಿ 'ನೇಚರ್' ಪತ್ರಿಕೆಯಲ್ಲಿ ತೋರಿಸಿಕೊಟ್ಟರು. ಮರುವರ್ಷವೇ ವೀಣೆ ಮತ್ತು ತಂಬೂರಿಯ ಬಗ್ಗೆ ಬರೆದರು. ಅಗಲವಾಗಿ, ತುಸು ಬಾಗಿರುವ ಅವುಗಳ ಕುದುರೆಯಿಂದಾಗಿ, ಬೇರೆ ತಂತಿವಾದ್ಯಗಳಲ್ಲಿ ಕೇಳಿಸಬಾರದ ಉಪಸ್ವರಗಳೂ ತಂಬೂರಿಯಲ್ಲಿ ಕೇಳಿಸುತ್ತವೆ ಎಂಬುದು ಅವರು ಕಂಡುಕೊಂಡದ್ದು. ತಂಬೂರಿಯ ಆ ಜೇನುಹುಳದ ಗುಂಯ್‌ಗಾಟ ಬರುವುದು ಅಲ್ಲಿಂದಲೇ. ಕೆಟ್ಟ ಸ್ಪೀಕರಿನಲ್ಲಿ ಮೊದಲು ಸಾಯುವುದೂ ಅದೇ.

ಈಗ ಸ್ಪೀಕರಿನೊಳಗೆ ಇಣುಕೋಣ. ಗುಜರಿ ಅಂಗಡಿಯಲ್ಲಿ ಹಳೆಯ ರೇಡಿಯೊ, ಟಿ.ವಿ.ಗಳ ಸ್ಪೀಕರುಗಳು ಸಿಗುತ್ತವೆ. ಒಂದನ್ನು ತಂದು ಮಕ್ಕಳ ಕೈಗೆ ಕೊಡಿ. ಹಿಂದೆ ಉಂಗುರದಂಥ ಶಾಶ್ವತ ಕಾಂತ, ಅದರ ಸಂದಿಯಲ್ಲಿ ತಾಮ್ರದ ತಂತಿಯ ಸುರುಳಿ, ಸುರುಳಿಗೆ ಅಂಟಿಕೊಂಡ ಕಾಗದದ ಶಂಕು. ಸುರುಳಿಯಲ್ಲಿ ವಿದ್ಯುತ್ ಹರಿದರೆ ಅದೂ ಒಂದು ಕಾಂತವಾಗುತ್ತದೆ; ಶಾಶ್ವತ ಕಾಂತ ಅದನ್ನು ದೂಡುತ್ತದೆ ಇಲ್ಲವೆ ಸೆಳೆಯುತ್ತದೆ. ವಿದ್ಯುತ್ತಿನ ದಿಕ್ಕು ಬದಲಾದರೆ ಶಂಕು ಚಲಿಸುವ ದಿಕ್ಕೂ ಬದಲಾಗುತ್ತದೆ. (ಈ ವಾಕ್ಯವನ್ನು ನೆನಪಿಟ್ಟುಕೊಳ್ಳಿ. ನಾನು ಮರೆತದ್ದು ಇದನ್ನೇ.) ಅಮೆರಿಕದ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್ 1925ರಲ್ಲಿ ಪ್ರಕಟಿಸಿದ ಮಾದರಿ ಇದು. ನೂರು ವರ್ಷ ಕಳೆದರೂ ಮೂಲ ರಚನೆ ಅದೇ ಇದೆ.

ಕೆಳಗಿನ ಸ್ವರ ಹುಟ್ಟಬೇಕಾದರೆ ಬಹಳ ಗಾಳಿಯನ್ನು ದೂಡಬೇಕು. ಒಂದೇ ಶಂಕು ಅಷ್ಟೇ ಜೋರಾಗಿ ಕೇಳಿಸಬೇಕಾದರೆ, ಆವೃತ್ತಿ ಅರ್ಧವಾದಾಗ ಅದರ ಓಡಾಟ ನಾಲ್ಕು ಪಟ್ಟಾಗಬೇಕು. 400 ಹರ್ಟ್ಸ್‌ನಿಂದ 50 ಹರ್ಟ್ಸ್‌ಗೆ ಇಳಿದರೆ 64 ಪಟ್ಟು! ಆದ್ದರಿಂದ ಮಂದ್ರಕ್ಕೆ ದೊಡ್ಡ ಶಂಕು ಬೇಕು. ಆದರೆ ದೊಡ್ಡ ಶಂಕು ಭಾರ. ಸೆಕೆಂಡಿಗೆ ಹತ್ತು ಸಾವಿರ ಸಲ ಅಲುಗಾಡು ಎಂದರೆ ಅದರಿಂದಾಗದು. ಎತ್ತು ಮಾಡುವ ಕೆಲಸವನ್ನು ಗುಬ್ಬಿಯಿಂದ, ಗುಬ್ಬಿಯ ಕೆಲಸವನ್ನು ಎತ್ತಿನಿಂದ ಮಾಡಿಸಲಾಗದಷ್ಟೆ. ಹಾಗಾಗಿ ಒಂದು ಪೆಟ್ಟಿಗೆಯಲ್ಲಿ ಇಬ್ಬರು: ನಾಯಿಯ ಬೊಗಳಿನಿಂದ ಹೆಸರು ಪಡೆದ ವೂಫರ್, ಹಕ್ಕಿಯ ಚಿಲಿಪಿಲಿಯಿಂದ ಹೆಸರು ಪಡೆದ ಟ್ವೀಟರ್. ಯಾರಿಗೆ ಯಾವುದು ಹೋಗಬೇಕು ಎಂದು ಕೆಪಾಸಿಟರ್ ಮತ್ತು ತಂತಿಸುರುಳಿಗಳಿರುವ ಚಿಕ್ಕ ಮಂಡಲವೊಂದು ಹಂಚಿಕೊಡುತ್ತದೆ. ಇಬ್ಬರ ನಡುವೆ ಹೊಂದಾಣಿಕೆ ಸರಿ ಇಲ್ಲದಿದ್ದರೆ ಹಾಡುವವರ ದನಿ ಮಧ್ಯದಲ್ಲಿ ಸೀಳಿದಂತೆ ಕೇಳುತ್ತದೆ.

ಪೆಟ್ಟಿಗೆ ಯಾಕೆ ಬೇಕು ಎಂಬುದಕ್ಕೆ ಒಂದು ಸೊಗಸಾದ ಪ್ರಯೋಗವಿದೆ. ಹಳೆಯ ಟ್ರಾನ್ಸಿಸ್ಟರ್ ರೇಡಿಯೊದ ಸ್ಪೀಕರನ್ನು ತಂತಿ ಕತ್ತರಿಸದೆ ಹೊರಗೆ ತೆಗೆಯಿರಿ. ಹಾಡು ಹಚ್ಚಿ. ದನಿ ಸಪ್ಪೆ, ತಗಡಿನಂತೆ. ಈಗ ದೊಡ್ಡ ರಟ್ಟಿನ ನಡುವೆ ಶಂಕುವಿನ ಅಳತೆಯ ತೂತು ಕೊರೆದು, ಅದರ ಹಿಂದೆ ಸ್ಪೀಕರನ್ನು ಒತ್ತಿ ಹಿಡಿಯಿರಿ. ದನಿಗೆ ಒಮ್ಮೆಲೇ ಮೈ ಬರುತ್ತದೆ! ಮಕ್ಕಳು 'ಹೋ' ಎನ್ನುತ್ತಾರೆ. ಶಂಕು ಮುಂದಕ್ಕೆ ಗಾಳಿಯನ್ನು ದೂಡುವಾಗ ಹಿಂದೆ ಅಷ್ಟೇ ಗಾಳಿಯನ್ನು ಎಳೆಯುತ್ತದೆ. ತಡೆ ಇಲ್ಲದಿದ್ದರೆ ಮುಂದಿನ ಗಾಳಿ ಅಂಚಿನಿಂದ ಹಿಂದಕ್ಕೆ ಸರಿದು ಎರಡೂ ಅಳಿಸಿಹೋಗುತ್ತವೆ. ಮಂದ್ರದ ಅಲೆಗಳು ಉದ್ದವಾದ್ದರಿಂದ ಮೊದಲು ಅಳಿಯುವುದು ಅವೇ.

ಹುಬ್ಬಳ್ಳಿಯ ಅಂಗಡಿಗೆ ಹೋಗುವ ಮುಂಚೆ ಒಂದು ಪೆನ್‌ಡ್ರೈವಿನಲ್ಲಿ ನಮ್ಮದೇ ಐದು ತುಣುಕು ತುಂಬಿಸಿಕೊಂಡೆ: ತಂಬೂರಿ ಚೆನ್ನಾಗಿ ಕೇಳುವ ಮನ್ಸೂರರ ಹಳೆಯ ಮುದ್ರಣ, ಪೇಟಿ-ಡಗ್ಗಾ-ತಾಳಗಳಿರುವ ತತ್ವಪದ, ಒಂದು ವೀಣೆ, ಮಗಳ ಆಯ್ಕೆಯ ಒಂದು ಹಾಡು, ಕೊನೆಯದಾಗಿ ಸುಮ್ಮನೆ ವಾರ್ತೆ ಓದುವ ದನಿ. ಕೊನೆಯದೇಕೆ ಎಂದು ಅಂಗಡಿಯವರು ನಕ್ಕರು. ಹುಟ್ಟಿದಾಗಿನಿಂದ ನಾವು ಅತಿ ಹೆಚ್ಚು ಕೇಳಿರುವುದು ಮನುಷ್ಯನ ಮಾತನ್ನು. ಅದರಲ್ಲಿ ಎಳ್ಳಷ್ಟು ಏರುಪೇರಾದರೂ ಕಿವಿಗೆ ಗೊತ್ತಾಗುತ್ತದೆ. ಅಂಗಡಿಯವರು ಹಚ್ಚುವ ಗುಡುಗು, ಗಾಜು ಒಡೆಯುವ ಸದ್ದು, ಹೆಲಿಕಾಪ್ಟರ್ ಇವುಗಳ ನಿಜರೂಪ ಯಾರಿಗೆ ಗೊತ್ತು? ಯಾವ ಸ್ಪೀಕರಿನಲ್ಲೂ ಅವು ಭರ್ಜರಿಯೇ.

ಇನ್ನೊಂದು ಎಚ್ಚರ. ಎರಡು ಸ್ಪೀಕರುಗಳನ್ನು ಹೋಲಿಸುವಾಗ ಎರಡೂ ಸಮಾನ ಜೋರಿನಲ್ಲಿರಬೇಕು. ತುಸು ಜೋರಾಗಿರುವುದೇ ಕಿವಿಗೆ ಚೆನ್ನಾಗಿ ತೋರುತ್ತದೆ. ಮೇಲಾಗಿ ಮೆಲ್ಲಗೆ ಕೇಳುವಾಗ ನಮ್ಮ ಕಿವಿ ಮಂದ್ರದ ಸ್ವರಗಳಿಗೆ ಹೆಚ್ಚು ಮಂದವಾಗುತ್ತದೆ ಎಂದು ಫ್ಲೆಚರ್ ಮತ್ತು ಮನ್ಸನ್ ಎಂಬ ವಿಜ್ಞಾನಿಗಳು 1933ರಲ್ಲೇ ಅಳೆದು ತೋರಿಸಿದ್ದಾರೆ. ಅಂಗಡಿಯಲ್ಲಿ ಅಬ್ಬರದಲ್ಲಿ ಕೇಳಿ ಮೆಚ್ಚಿದ್ದು ರಾತ್ರಿ ಒಂಬತ್ತಕ್ಕೆ ಮನೆಯಲ್ಲಿ ಬಡಕಲಾಗುವುದು ಇದಕ್ಕೇ. ಮನೆಯಲ್ಲಿ ಕೇಳುವಷ್ಟೇ ಜೋರಿಗೆ ಇಳಿಸಿ ಎಂದು ಹೇಳಲು ಸಂಕೋಚ ಬೇಡ.

ಅಂತಿಮವಾಗಿ ಎರಡು ಜೊತೆ ಉಳಿದವು. ಮೊದಲನೆಯದು ಐದೇ ನಿಮಿಷದಲ್ಲಿ ಮಗಳ ಮನ ಗೆದ್ದಿತು. ಎದೆಗೆ ಗುದ್ದುವ ಬೇಸ್. ಎರಡನೆಯದು ಸಾದಾ. ಆಗ ತತ್ವಪದ ಹಚ್ಚಿಸಿದೆ. ಡಗ್ಗಾ ಬಾರಿಸುವವರು ಅಂಗೈಯ ಬುಡದಿಂದ ಚರ್ಮವನ್ನು ಒತ್ತಿ ಸರಿಸಿ ನಾದವನ್ನು 'ಗುಂಯ್ಯ್' ಎಂದು ಕೆಳಗಿಂದ ಮೇಲಕ್ಕೆ ಎಳೆಯುತ್ತಾರಲ್ಲ, ಆ ಎಳೆತ ಮೊದಲನೆಯ ಜೊತೆಯಲ್ಲಿ ನಯವಾಗಿ ಏರಲೇ ಇಲ್ಲ. ನಡುವೆ ಒಂದು ಕಡೆ ಧುಮುಕಿ, ಮತ್ತೆ ಕುಗ್ಗಿತು. ಖಾಲಿ ಬಾಟಲಿಯ ಬಾಯಿಗೆ ಊದಿದರೆ ಒಂದೇ ಸ್ವರ ಬರುತ್ತದೆಯಷ್ಟೆ? ಸ್ಪೀಕರ್ ಪೆಟ್ಟಿಗೆಯ ದುಂಡನೆಯ ತೂತು, ಒಳಗಿನ ಗಾಳಿ ಇವೂ ಒಂದು ಬಾಟಲಿಯೇ. ಆ ಒಂದು ಆವೃತ್ತಿಯಲ್ಲಿ ಅನುರಣನೆ ಉಂಟಾಗಿ ಕುಗ್ಗುತ್ತಿರುವ ಮಂದ್ರಕ್ಕೆ ಊರುಗೋಲು ಸಿಗುತ್ತದೆ. ಹದವಾಗಿ ಮಾಡಿದರೆ ಒಳ್ಳೆಯದೇ. ನಾವು ಕೊನೆಗೆ ತಂದ ಎರಡನೆಯ ಜೊತೆಗೂ ತೂತು ಇದೆ. ಹದ ತಪ್ಪಿದರೆ ಎಲ್ಲ ಹಾಡಿನ ಎಲ್ಲ ಡೋಲೂ ಅದೊಂದೇ ಸ್ವರದಲ್ಲಿ ಬಡಿದುಕೊಳ್ಳುತ್ತದೆ. ಎಲ್ಲ ಬಗೆಯ ಸಂಗೀತಕ್ಕೂ ಹೊಂದುವ ಸ್ಪೀಕರಿಗೆ ನನ್ನ ಮಟ್ಟಿಗೆ ಪರೀಕ್ಷೆ ಇದು: ಅದಕ್ಕೆ ತನ್ನದೇ ಆದ ನೆಚ್ಚಿನ ಸ್ವರ ಇರಬಾರದು. ಮಗಳೂ ತನ್ನ ಹಾಡನ್ನು ಮೂರು ಸಲ ಕೇಳಿ, "ಅಪ್ಪಾ, ಇದರಲ್ಲಿ ಬೇಸ್ ಬೇರೆ ಬೇರೆ ಸ್ವರ ನುಡಿಸ್ತಾ ಇದೆ, ನಂಗೆ ಗೊತ್ತೇ ಇರಲಿಲ್ಲ" ಎಂದು ಎರಡನೆಯದಕ್ಕೇ ಒಪ್ಪಿದಳು. ಹದಿನೆಂಟು ಸಾವಿರ ಕೊಟ್ಟು ತಂದೆವು. ಆಂಪ್ಲಿಫೈಯರನ್ನು ಗೆಳೆಯರೊಬ್ಬರಿಂದ ಹಳೆಯದನ್ನೇ ಕೊಂಡದ್ದಾಯಿತು. ಮೊಣಕಾಲು ನೋವಿನಿಂದ ಅಪ್ಪ ಅಂಗಡಿಗೆ ಬಂದಿರಲಿಲ್ಲ.

ಮನೆಯಲ್ಲಿ ಜೋಡಿಸುವಾಗ ಒಂದು ಸ್ಪೀಕರಿಗೆ ಅವರು ಕೊಟ್ಟ ತಂತಿ ಸಾಲಲಿಲ್ಲ. ಅಟ್ಟದ ಮೇಲಿದ್ದ ಬಿಳಿಯ ಜೋಡಿ ತಂತಿಯನ್ನು ಕತ್ತರಿಸಿ ಹಾಕಿದೆ. ಕೋಣೆಯ ಒಂದು ಗೋಡೆಗೆ ಎರಡು ಸ್ಟೂಲುಗಳ ಮೇಲೆ ಪೆಟ್ಟಿಗೆಗಳು. ಎದುರಿಗೆ ಸರಿಯಾಗಿ ನಟ್ಟನಡುವೆ, ಎರಡಕ್ಕೂ ಸಮಾನ ದೂರದಲ್ಲಿ ಅಪ್ಪನ ಕುರ್ಚಿ. ಸ್ಟೀರಿಯೊಗೆ ಅದೇ ಅತ್ಯುತ್ತಮ ಜಾಗ. ಎಡ-ಬಲ ಎರಡು ಕಡೆಯಿಂದ ಬರುವ ದನಿ ಸೇರಿ ಗಾಯಕ ಮಧ್ಯದಲ್ಲಿ ಕೂತಂತೆ ಕೇಳಬೇಕು. ಇಂಗ್ಲೆಂಡಿನ ಅಲನ್ ಬ್ಲುಮ್ಲಿನ್ 1931ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ್ದು ಈ ಉಪಾಯಕ್ಕೇ. ಮಗಳು ಎಡ ಪೆಟ್ಟಿಗೆಯ ಪಕ್ಕದ ದಿವಾನದ ಮೇಲೆ, ನಾನು ಬಲಗಡೆ ಮೇಜಿನ ಹತ್ತಿರ. ತತ್ವಪದ ಹಚ್ಚಿದೆ.

ಅಪ್ಪ ಐದು ನಿಮಿಷ ಕಣ್ಣು ಮುಚ್ಚಿ ಕೇಳಿದರು. ಆಮೇಲೆ, "ಅಲ್ಲೋ ತಮ್ಮಾ, ಡಗ್ಗಾ ಎಲ್ಲಿ ಹೋತು?" ಎಂದರು.

"ಐತೆಲ್ಲಪಾ, ಕೇಳಸ್ತೈತಿ" ಎಂದೆ. ನನಗೆ ಕೇಳಿಸುತ್ತಿತ್ತು. ಮಗಳಿಗೂ ಕೇಳಿಸುತ್ತಿತ್ತು. ಒಳಗಿನಿಂದ ಬಂದ ಹೆಂಡತಿ, "ರೀ, ಹಾಡೋರು ಎಲ್ಲಿ ಕೂತಿದ್ದಾರೆ ಅಂತಲೇ ಗೊತ್ತಾಗ್ತಿಲ್ಲ, ದನಿ ಇಡೀ ಗೋಡೆ ತುಂಬ ಹರಡಿಕೊಂಡ ಹಾಗಿದೆ" ಎಂದಳು. ಅದನ್ನು ಹೊಗಳಿಕೆ ಎಂದುಕೊಂಡೆ!

ಅಪ್ಪ ಮಾತ್ರ ಒಪ್ಪಲಿಲ್ಲ. ಆಗ ನಾನು ಮಾಡಬಾರದ್ದನ್ನು ಮಾಡಿದೆ. ಮೊಬೈಲಿನಲ್ಲಿ ಬೇರೆ ಬೇರೆ ಆವೃತ್ತಿಯ ಶಬ್ದ ಹುಟ್ಟಿಸುವ ಆ್ಯಪ್ ಇತ್ತು. ಎಲ್ಲರ ಎದುರಿಗೆ ಪರೀಕ್ಷೆ ನಡೆಸಿದೆ. ಮಗಳಿಗೆ 16,000 ಹರ್ಟ್ಸ್ ಕೇಳಿಸಿತು, ನನಗೆ 13,000. ಅಪ್ಪನಿಗೆ 4000 ಮಂದ, 6000 ದಾಟಿದ ಮೇಲೆ ಏನೂ ಇಲ್ಲ. "ನೋಡಪಾ, ವಯಸ್ಸಾದಂಗ ಕಿವಿ ಹಿಂಗ ಆಗತೈತಿ, ಸ್ಪೀಕರಿನ ತಪ್ಪಲ್ಲ" ಎಂದು ಒಳಕಿವಿಯ ಶಂಖದ ಚಿತ್ರವನ್ನು ಕಾಗದದ ಮೇಲೆ ಬರೆದು ವಿವರಿಸಿದೆ. ತರಬೇತಿಯಲ್ಲಿ ಹೇಳುವ ಅದೇ ದನಿಯಲ್ಲಿ. ಅಪ್ಪ ಕಾಗದವನ್ನು ನೋಡಿದರು, ನನ್ನನ್ನು ನೋಡಿದರು. "ಇರ್ಲಿ ಬಿಡಪಾ" ಎಂದು ಗೋಡೆ ಹಿಡಿದುಕೊಂಡು ತಮ್ಮ ಕೋಣೆಗೆ ಹೋದರು. ಒಳಗಿನಿಂದ ರೇಡಿಯೊದ ಸದ್ದು ಬಂತು. ಮರುದಿನವೂ ಪಡಸಾಲೆಗೆ ಬರಲಿಲ್ಲ, ಅದರ ಮರುದಿನವೂ ಇಲ್ಲ. ನೆರೆಮನೆಯವರು ಮಾತಾಡಿಸಿದರೆ, "ನನಗ ಕಿವಿ ಕೇಳಂಗಿಲ್ರಿ" ಎನ್ನತೊಡಗಿದರು. ಮುಂಚೆ ಹಾಗೆ ಎಂದೂ ಹೇಳಿದವರಲ್ಲ.

ಹನ್ನೊಂದು ದಿನ ಕಳೆದವು. ಒಂದು ಹಳ್ಳಿ ಶಾಲೆಯಲ್ಲಿ ಆರನೆಯ ತರಗತಿಗೆ ಕಾಂತದ ಪಾಠದ ಪ್ರಾತ್ಯಕ್ಷಿಕೆ ಇತ್ತು. ಗುಜರಿಯ ಎರಡು ಸ್ಪೀಕರ್ ಒಯ್ದಿದ್ದೆ. ಒಂದೂವರೆ ವೋಲ್ಟಿನ ಟಾರ್ಚ್ ಸೆಲ್ಲಿನ ಎರಡು ತುದಿಗಳನ್ನು ಸ್ಪೀಕರಿನ ತಂತಿಗಳಿಗೆ ಒಂದು ಕ್ಷಣ ಮುಟ್ಟಿಸಿದರೆ 'ಟಪ್' ಎಂದು ಶಂಕು ಹೊರಗೆ ಬರುತ್ತದೆ. ಸೆಲ್ಲನ್ನು ತಿರುಗಿಸಿ ಮುಟ್ಟಿಸಿದರೆ ಒಳಗೆ ಹೋಗುತ್ತದೆ. (ಬಹಳ ಹೊತ್ತು ಮುಟ್ಟಿಸಬೇಡಿ, ಸುರುಳಿ ಬಿಸಿಯಾಗುತ್ತದೆ.) ಮಕ್ಕಳು ಗುಂಪಿನಲ್ಲಿ ಎರಡೂ ಸ್ಪೀಕರನ್ನು ಒಂದೇ ಸೆಲ್ಲಿಗೆ ಜೋಡಿಸಿದರು. ಗಡಿಬಿಡಿಯಲ್ಲಿ ಒಂದು ತಿರುವುಮುರುವು ಆಗಿ, ಒಂದು ಹೊರಗೆ ಬಂದರೆ ಇನ್ನೊಂದು ಒಳಗೆ ಹೋಗತೊಡಗಿತು. ನಾನು ಸರಿಪಡಿಸಲು ಕೈ ಹಾಕಿದೆ. ಮುಂದೆ ಕೂತಿದ್ದ ಒಬ್ಬ ಹುಡುಗಿ ಎದ್ದು ನಿಂತಳು.

"ಸರ್, ಒಂದು ಹೊರಗ ದೂಡತೈತಿ, ಇನ್ನೊಂದು ಒಳಗ ಎಳೀತೈತಿ. ಹಂಗಾದ್ರ ನಡುವಿನ ಗಾಳಿ ಎಲ್ಲಿ ಹೋಗಬೇಕ್ರಿ?"

ನನ್ನ ಬಾಯಿಂದ ಮಾತು ಹೊರಡಲಿಲ್ಲ. ಅಟ್ಟದ ಮೇಲಿನ ಬಿಳಿಯ ತಂತಿ ಕಣ್ಣ ಮುಂದೆ ಬಂತು. ಅದರ ಎರಡು ಎಳೆಗಳಿಗೆ ಯಾವ ಗುರುತೂ ಇರಲಿಲ್ಲ.

ಗಾಳಿ ಎಲ್ಲಿಯೂ ಹೋಗುವುದಿಲ್ಲ ಮಗೂ, ಅದಕ್ಕೇ ಸದ್ದು ಇರುವುದಿಲ್ಲ. ಒಂದು ಪೆಟ್ಟಿಗೆ ದೂಡಿದ್ದನ್ನು ಇನ್ನೊಂದು ಎಳೆದುಕೊಳ್ಳುತ್ತದೆ. 100 ಹರ್ಟ್ಸ್‌ನ ಅಲೆ ಮೂರೂವರೆ ಮೀಟರ್ ಉದ್ದ. ಎರಡು ಮೀಟರ್ ಅಂತರದ ಪೆಟ್ಟಿಗೆಗಳು ಅದರ ಮುಂದೆ ಅಕ್ಕಪಕ್ಕದಲ್ಲಿದ್ದಂತೆಯೇ. ಎರಡಕ್ಕೂ ಸಮಾನ ದೂರದಲ್ಲಿ ಕೂತವರಿಗೆ ಅಳಿಸುವಿಕೆ ಹೆಚ್ಚುಕಡಿಮೆ ಪೂರ್ಣ. ಒಂದರ ಪಕ್ಕದಲ್ಲಿ ಕೂತವರಿಗೆ ಅದೊಂದರ ದನಿ ಜೋರಾಗಿರುವುದರಿಂದ ಅಳಿಯುವುದು ಕಡಿಮೆ. ಮೇಲಿನ ಸ್ವರಗಳ ಅಲೆಗಳಾದರೋ ಕೆಲವೇ ಸೆಂಟಿಮೀಟರ್ ಉದ್ದ. ತಲೆ ತುಸು ಅಲುಗಿದರೂ, ಒಂದು ಕಿವಿಯಲ್ಲಿ ಅಳಿದದ್ದು ಇನ್ನೊಂದರಲ್ಲಿ ಕೂಡುತ್ತದೆ, ಒಟ್ಟಿನಲ್ಲಿ ವ್ಯತ್ಯಾಸ ತಿಳಿಯುವುದಿಲ್ಲ. ಅಂದರೆ ಗೌರವದಿಂದ ಅಪ್ಪನಿಗೆ ಕೊಟ್ಟ ನಟ್ಟನಡುವಿನ ಕುರ್ಚಿಯೇ ಇಡೀ ಕೋಣೆಯಲ್ಲಿ ಡಗ್ಗಾ ಇಲ್ಲದ ಜಾಗ!

ಬಸ್ಸಿನಲ್ಲಿ ಬರುವಾಗ ಇನ್ನೊಂದು ವಿಷಯ ಚುಚ್ಚಿತು. ವಯಸ್ಸಾದಂತೆ ಕಿವಿ ಕಳೆದುಕೊಳ್ಳುವುದು ಮೇಲಿನ ಆವೃತ್ತಿಗಳನ್ನು. ಒಳಕಿವಿಯ ಶಂಖದ ಬುಡದಲ್ಲಿರುವ ರೋಮಕೋಶಗಳು ತಾರಸ್ವರಕ್ಕೆ, ತುದಿಯಲ್ಲಿರುವವು ಮಂದ್ರಕ್ಕೆ ಸ್ಪಂದಿಸುತ್ತವೆ; ಮೊದಲು ಸವೆಯುವುದು ಬುಡದವು. 'ಸ', 'ಶ', 'ತ'ಗಳ ನಡುವೆ ಅಜ್ಜಂದಿರಿಗೆ ಗೊಂದಲವಾಗುವುದು ಇದರಿಂದಲೇ. ಅಪ್ಪ 'ತಾಳ ಕೇಳಿಸುತ್ತಿಲ್ಲ' ಎಂದಿದ್ದರೆ ನನ್ನ ವಿವರಣೆ ಸರಿ. ಅವರು ಹೇಳಿದ್ದು ಡಗ್ಗಾ ಇಲ್ಲ ಎಂದು. ಡಗ್ಗಾ ಕೇಳಲು ಬೇಕಾದ ಕಿವಿ ಅವರಲ್ಲಿ ನೆಟ್ಟಗಿತ್ತು. ನಾನೇ ನಡೆಸಿದ ಪರೀಕ್ಷೆ ನನ್ನ ವಿರುದ್ಧವೇ ಸಾಕ್ಷಿ ಹೇಳುತ್ತಿತ್ತು, ನಾನು ಓದಿಕೊಳ್ಳಲಿಲ್ಲ. ಹೆಂಡತಿ ಹೇಳಿದ 'ಗೋಡೆ ತುಂಬ ಹರಡಿದ ದನಿ' ಎರಡನೆಯ ಸಾಕ್ಷಿ. ಒಂದು ಸ್ಪೀಕರ್ ತಿರುವುಮುರುವಾದರೆ ಗಾಯಕ ಮಧ್ಯದಲ್ಲಿ ನಿಲ್ಲುವುದಿಲ್ಲ.

ಮನೆಗೆ ಬಂದವನೇ ಚಪ್ಪಲಿಯನ್ನೂ ಸರಿಯಾಗಿ ಬಿಡದೆ ಸ್ಪೀಕರಿನ ಮುಂದಿನ ಬಟ್ಟೆಯ ಜಾಲರಿ ತೆಗೆದೆ. ತಂತಿಗಳನ್ನು ಆಂಪ್ಲಿಫೈಯರಿನಿಂದ ಬಿಚ್ಚಿ ಆ ತುದಿಗೆ ಸೆಲ್ ಮುಟ್ಟಿಸಿದೆ. ಎಡಗಡೆಯ ಶಂಕು ಹೊರಗೆ. ಬಲಗಡೆಯದು ಒಳಗೆ. ಬಲಗಡೆಯ ಎಳೆಗಳನ್ನು ಅದಲುಬದಲು ಮಾಡಿ, ಮಗಳ ಉಗುರುಬಣ್ಣದಿಂದ ಒಂದು ಎಳೆಗೆ ಕೆಂಪು ಗುರುತು ಹಚ್ಚಿ, ಅಪ್ಪನ ಕೋಣೆಗೆ ಹೋದೆ. "ತಂತಿ ನಾನ ಉಲ್ಟಾ ಹಾಕಿದ್ದೆ. ತಪ್ಪು ನಂದು. ಒಂದು ಸಲ ಬರ್ರಿ" ಎಂದೆ. ಚಿತ್ರ ಬರೆಯಲು ಹೋಗಲಿಲ್ಲ.

ಬಂದು ಅದೇ ಕುರ್ಚಿಯಲ್ಲಿ ಕೂತರು. ತತ್ವಪದ ಶುರುವಾಯಿತು. ಡಗ್ಗಾ ಬಂತು. ಅಪ್ಪನ ಎಡಗೈ ಕುರ್ಚಿಯ ತೋಳಿನ ಮೇಲೆ ತಾನಾಗಿಯೇ ಒತ್ತಿ ಸರಿಯಿತು. ಹಾಡು ಮುಗಿಯುವವರೆಗೂ ಮಾತಿಲ್ಲ. ಮುಗಿದ ಮೇಲೆ, "ನಾ ಹೇಳಿದ್ನೆಲ್ಲ" ಎಂದರು, ಅಷ್ಟೇ.

ಆಮೇಲಿನ ರಿಪೇರಿಗಳು ಸಣ್ಣವು. ನಮ್ಮ ಪಡಸಾಲೆ 12 ಅಡಿ ಉದ್ದ, 10 ಅಡಿ ಅಗಲ. ಎದುರುಬದುರು ಗೋಡೆಗಳ ನಡುವೆ ಸುಮಾರು 47 ಮತ್ತು 57 ಹರ್ಟ್ಸ್‌ಗಳಲ್ಲಿ ಸ್ಥಾಯೀ ತರಂಗ ಏಳುತ್ತದೆ. ಮಗಳ ಹಾಡಿನಲ್ಲಿ ಕೆಲವು ಬೇಸ್ ಸ್ವರ ಉಬ್ಬುತ್ತಿದ್ದದ್ದು ಅದರಿಂದ. ಪೆಟ್ಟಿಗೆಗಳನ್ನು ಮೂಲೆಯಿಂದ ಎರಡು ಅಡಿ ಈಚೆಗೆ ತಂದ ಮೇಲೆ ಬಹುಪಾಲು ಹೋಯಿತು. ಬರಿಯ ಗೋಡೆಗೆ ಚಪ್ಪಾಳೆ ತಟ್ಟಿದರೆ 'ಝರ್ರ್' ಎನ್ನುತ್ತಿತ್ತು. ಅವ್ವ ಹೊಲಿದಿಟ್ಟಿದ್ದ ಕೌದಿಯೊಂದನ್ನು ಎದುರು ಗೋಡೆಗೆ ತೂಗುಹಾಕಿದೆವು. ಕೌದಿ ಮೇಲಿನ ಆವೃತ್ತಿಗಳನ್ನು ಚೆನ್ನಾಗಿ ಹೀರುತ್ತದೆ, ಮಂದ್ರಕ್ಕೆ ಅದರಿಂದೇನೂ ಆಗದು. ತಂಬೂರಿ ಈಗ ಎಳೆ ಎಳೆಯಾಗಿ ಕೇಳುತ್ತದೆ ಎಂದು ಹೆಂಡತಿಯ ಅಭಿಪ್ರಾಯ. ತಾಳದ ಸದ್ದು ಅಪ್ಪನಿಗೆ ಮಂದವೇ. ಕಿವಿಯನ್ನು ವೈದ್ಯರಿಗೆ ತೋರಿಸೋಣ ಎಂದಿದ್ದಕ್ಕೆ 'ಸುಗ್ಗಿ ಮುಗೀಲಿ' ಎಂದಿದ್ದಾರೆ. ಮೊಬೈಲಿನ ಆ್ಯಪ್ ವೈದ್ಯರ ಪರೀಕ್ಷೆ ಅಲ್ಲ ಎಂಬುದನ್ನೂ ಅವರಿಗೆ ಹೇಳಿದ್ದೇನೆ.

ಸಂಜೆ ಸರದಿ ಮತ್ತೆ ಶುರುವಾಗಿದೆ. ಮೊನ್ನೆ ಮಗಳ ಸರದಿಯ ಹೊತ್ತಿಗೂ ಅಪ್ಪ ಎದ್ದು ಹೋಗಲಿಲ್ಲ. ತಲೆ ವಾಲಿಸಿ ಕೇಳಿ, "ಇದರಾಗ ಡಗ್ಗಾ ಯಾರು ಬಾರಿಸ್ಯಾರ?" ಎಂದರು.

"ಅಜ್ಜಾ, ಅದು ಡಗ್ಗಾ ಅಲ್ಲ. ಯಾರೂ ಬಾರಿಸಿಲ್ಲ, ಕಂಪ್ಯೂಟರ್."

ಅಪ್ಪ ಇನ್ನೊಂದು ಆವರ್ತನ ಬೆರಳಲ್ಲಿ ಎಣಿಸಿದರು.

"ಕೈ ಚಲೋ ಐತಿ" ಎಂದರು.